ಗಿಡುಗಕ್ಕೆ ಬೆನ್ನು

ನಮ್ಮೂರಿಗೆ ಚಳಿಗಾಲ ಕಳೆಯುವ ಹೊತ್ತಿಗೆ ಬಂದವರಿಗೆ ಮೊದಲು ಕಾಣುವುದು ನಮ್ಮ ಬೆನ್ನು. ಬಸ್ಸಿನಿಂದ ಇಳಿದು ಯಾರನ್ನಾದರೂ ದಾರಿ ಕೇಳೋಣವೆಂದರೆ ಇಡೀ ಬಸ್‌ಸ್ಟ್ಯಾಂಡು ಆಕಡೆ ಮುಖ ಮಾಡಿ ನಿಂತಿರುತ್ತದೆ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕನ್ನಡಿ. ಅದರಲ್ಲಿ ಅವರು ತಮ್ಮ ಮುಖ ನೋಡಿಕೊಳ್ಳುತ್ತಿಲ್ಲ ಎನ್ನುವುದು ಹೊಸಬರಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಯಾರಾದರೂ ಪುಣ್ಯಾತ್ಮರು ಹಿಂದಿನಿಂದ ಬಂದು ಅವರ ತಲೆಯನ್ನು ಮೆಲ್ಲಗೆ ಬಗ್ಗಿಸಿ, ಮೇಲೆ ನೋಡಬೇಡಿ ಸ್ವಾಮಿ, ಗೂಡಿದೆ ಎಂದು ಹೇಳಿ ಹೋಗುತ್ತಾರೆ.

ಗಿಡುಗದ ಗೂಡನ್ನು ನಮ್ಮೂರಿನಲ್ಲಿ ನೇರ ನೋಡುವಂತಿಲ್ಲ. ನೋಡಿದರೆ ಅಲ್ಲಿ ಗೂಡಿರುವುದಿಲ್ಲ. ಹಕ್ಕಿ ಹೆದರಿ ಹಾರಿಹೋಗುತ್ತದೆ ಎಂದಲ್ಲ, ಗೂಡೇ ಇರುವುದಿಲ್ಲ. ಕಡ್ಡಿಯೂ ಇಲ್ಲ, ಮೊಟ್ಟೆಯೂ ಇಲ್ಲ, ಅಂಚಿನಲ್ಲಿ ನೇತಾಡುತ್ತಿದ್ದ ಇಲಿಯ ಬಾಲವೂ ಇಲ್ಲ. ಆಮೇಲೆ ಕನ್ನಡಿ ಹಿಡಿದರೂ ಅಲ್ಲಿ ಬರೀ ಕೊಂಬೆಯೋ ಗೋಡೆಯೋ ಕಾಣುತ್ತದೆ, ಆ ವರ್ಷದ ಕಥೆ ಅಲ್ಲಿಗೆ ಮುಗಿಯಿತು. ಹಾರುವ ಗಿಡುಗವನ್ನು ಯಾರು ಬೇಕಾದರೂ ಎಷ್ಟು ಬೇಕಾದರೂ ನೋಡಲಿ, ಅದಕ್ಕೆ ಅಡ್ಡಿಯಿಲ್ಲ. ಗೂಡು ಮತ್ತು ಗೂಡಿನಲ್ಲಿ ಕೂತದ್ದು, ಇವೆರಡು ಮಾತ್ರ ಕನ್ನಡಿಯ ಪಾಲು. ಯಾಕೆ ಹೀಗೆ ಎಂದು ಹೊರಗಿನವರು ಕೇಳುತ್ತಾರೆ. ನಿಮ್ಮ ಊರಿನಲ್ಲಿ ಯಾಕೆ ಹೀಗಿಲ್ಲ ಎಂದು ನಾನು ತಿರುಗಿ ಕೇಳುತ್ತೇನೆ. ಅದಕ್ಕೆ ಇದುವರೆಗೆ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ.

ನನ್ನ ಹೆಸರು ವಾರಿಜ. ಪೇಟೆ ಬೀದಿಯಲ್ಲಿ ಗಾಜು, ಕನ್ನಡಿ, ಫೋಟೋ ಕಟ್ಟಿನ ಅಂಗಡಿ ನನ್ನದು, ಮೊದಲು ನಮ್ಮಪ್ಪನದಾಗಿತ್ತು. ಬೇರೆ ಊರಿನಲ್ಲಿ ಕನ್ನಡಿಯ ಅಂಗಡಿಗೆ ಮದುವೆಯ ಕಾಲದಲ್ಲಿ ಗಿರಾಕಿ ಬಂದರೆ ನಮ್ಮಲ್ಲಿ ಗೂಡಿನ ಕಾಲದಲ್ಲಿ ಬರುತ್ತಾರೆ. ಅಂಗೈಯಗಲದ ಕನ್ನಡಿಗೆ ಹಿಡಿ ಹಾಕಿಸಿಕೊಳ್ಳುವವರು, ಕೊಡೆಯ ಕಡ್ಡಿಗೆ ಕನ್ನಡಿ ಕಟ್ಟಿಸಿಕೊಳ್ಳುವವರು, ಒಡೆದ ಚೂರಿಗೆ ಅಂಚು ತೀಡಿಸಿಕೊಂಡು ಹೋಗುವ ಶಾಲೆ ಮಕ್ಕಳು. ಚಹಾ ಅಂಗಡಿಯ ಮುಬಾರಕ್ ಯಾವುದೋ ಹಳೇ ಲಾರಿಯ ಕನ್ನಡಿಯನ್ನು ಬಾಗಿಲಿಗೆ ಜಡಿದಿದ್ದಾನೆ. ಅವನ ಗಿರಾಕಿಗಳು ಒಲೆಯ ಕಡೆ ಮುಖ ಮಾಡಿ ಕೂತು ಚಹಾ ಕುಡಿಯುತ್ತಲೇ ಗೂಡಿನ ಯೋಗಕ್ಷೇಮ ವಿಚಾರಿಸುತ್ತಾರೆ. ಕನ್ನಡಿಯಿಲ್ಲದ ಹೊತ್ತಿನಲ್ಲಿ ತಲೆ ತಗ್ಗಿಸಿ ನಡೆಯುವುದರಿಂದ ಮೂರ್ನಾಲ್ಕು ತಿಂಗಳು ನಾವು ಒಬ್ಬರನ್ನೊಬ್ಬರು ಗುರುತಿಸುವುದು ಚಪ್ಪಲಿಯಿಂದ. ಹೊಸ ಚಪ್ಪಲಿ ಕೊಂಡವರನ್ನು ಒಂದೆರಡು ದಿನ ಯಾರೂ ಮಾತಾಡಿಸುವುದೇ ಇಲ್ಲ. ಹುಡುಗರು ಫೋನಿನ ಸೆಲ್ಫಿಯಲ್ಲಿಯೂ ಗೂಡು ಕಾಣುತ್ತದೆ ಎನ್ನುತ್ತಾರೆ, ಜೆರಾಲ್ಡ್ ಮಾಸ್ತರು ಮಾತ್ರ ಅದನ್ನು ಒಪ್ಪಿಲ್ಲ.

ಜೆರಾಲ್ಡ್ ಮಾಸ್ತರು ನಮ್ಮ ಗೂಡು ಕಾಯುವ ಸಂಘದ ಅಧ್ಯಕ್ಷರು. ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದವರು, ನಿವೃತ್ತಿಯಾದ ಮೇಲೆ ಅದೇ ಸೀಟಿ ಊದುತ್ತ ಊರಿಗೆಲ್ಲ ಡ್ರಿಲ್ ಮಾಡಿಸುತ್ತಿದ್ದಾರೆ. ಅವರು ‘ಹಿಂದೆ ತಿರುಗ್’ ಎಂದರೆ ನಮ್ಮೂರಿನಲ್ಲಿ ಹಸುಗಳೂ ತಿರುಗುತ್ತವೆ ಎಂದು ಮುಬಾರಕ್ ಹೇಳುತ್ತಾನೆ. ಸಂಘದ ಕಾರ್ಯದರ್ಶಿ ನಾನು. ಕನ್ನಡಿ ಮಾರುವವಳು ಎನ್ನುವುದು ಬಿಟ್ಟರೆ ಅದಕ್ಕೆ ಬೇರೆ ಯೋಗ್ಯತೆಯಿಲ್ಲ. ಆದರೆ ಗೂಡಿನ ವಿಷಯದಲ್ಲಿ ನನಗಿರುವ ಕುತೂಹಲ ಚಟ ಎನ್ನುವ ಮಟ್ಟದ್ದು. ತಾಯಿ ಹಕ್ಕಿ ಮೊಟ್ಟೆ ತಿರುಗಿಸುವುದು, ಗಂಡು ಹಕ್ಕಿ ಇಲಿ ತಂದು ಕೊಟ್ಟು ಬೈಸಿಕೊಂಡು ಹೋಗುವುದು, ಇದನ್ನೆಲ್ಲ ನೋಡುತ್ತ ನಿಂತರೆ ಅನ್ನ ಸೀದರೂ ನನಗೆ ವಾಸನೆ ಬರುವುದಿಲ್ಲ.

ನಮ್ಮಪ್ಪನ ಕಾಲದಲ್ಲಿ ಹುಣಿಸೆ ತೋಪಿನಲ್ಲಿ, ಇಗರ್ಜಿಯ ಗೋಪುರದಲ್ಲಿ, ಅಕ್ಕಿ ಮಿಲ್ಲಿನ ಚಿಮಣಿಯ ಮೇಲೆ, ಹೀಗೆ ಎಲ್ಲಿ ಬೆನ್ನು ತಿರುಗಿಸಿದರೂ ಗೂಡಿರುತ್ತಿತ್ತು. ಆಮೇಲೆ ಹೆದ್ದಾರಿ ಬಂತು, ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುವವರು ಬಂದರು. ಒಂದೊಂದೇ ಗೂಡು ಹೋಯಿತು. ಒಮ್ಮೆ ನಾವೇ ಓಡಾಡಿ ದೊಡ್ಡ ಅಧಿಕಾರಿಯೊಬ್ಬರನ್ನು ಕರೆಸಿದೆವು. ಅವರು ಜೀಪಿನಿಂದ ಇಳಿದವರೇ ದುರ್ಬೀನು ಎತ್ತಿ ನೋಡಿ, ಇಲ್ಲಿ ಯಾವ ಗೂಡೂ ಇಲ್ಲವಲ್ಲ ಎಂದರು. ಅವರು ನೋಡುವವರೆಗೆ ಅಲ್ಲಿ ಎರಡು ಮರಿಗಳಿದ್ದವು. ಅವತ್ತು ಜೆರಾಲ್ಡ್ ಮಾಸ್ತರು ಅತ್ತದ್ದನ್ನು ನಾನು ನನ್ನ ಕೈಗನ್ನಡಿಯಲ್ಲಿ ನೋಡಿದೆ. ಈಗ ಉಳಿದಿರುವುದು ಒಂದೇ ಜೋಡಿ, ಅದು ಗೂಡು ಕಟ್ಟುವುದು ಪೇಟೆಯ ಹಿಂದಿನ ನೀರಿನ ಟ್ಯಾಂಕಿನ ಮೇಲೆ.

ನನ್ನ ಗಂಡ ಚೆಲುವರಾಜರ ವಿಷಯ ಇಲ್ಲಿ ಹೇಳಬೇಕು. ಅವರು ಹುಟ್ಟುಕುರುಡರು. ಮದುವೆ ಮನೆಗಳ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ನನ್ನ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಊದಿದ್ದನ್ನು ಕೇಳಿ ನಾನು ಮನಸೋತೆ, ಅದನ್ನು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆಯಿಲ್ಲ. ಊರಿಗೆಲ್ಲ ಕನ್ನಡಿ ಮಾರುವವಳು ಕನ್ನಡಿ ಬೇಡದವನನ್ನು ಕಟ್ಟಿಕೊಂಡಳು ಎಂದು ಅವರೇ ಎಲ್ಲರ ಮುಂದೆ ಹೇಳಿ ನಗಿಸುತ್ತಾರೆ. ಸೌಮ್ಯ ಸ್ವಭಾವದವರೇನಲ್ಲ. ಬ್ಯಾಂಡಿನ ಅಂಚುಪಟ್ಟಿಯ ಟೋಪಿ ಹಾಕಿಕೊಳ್ಳದೆ ಬೀದಿಗಿಳಿಯುವುದಿಲ್ಲ, ಎಲ್ಲದಕ್ಕೂ ವಾದ ಮಾಡುತ್ತಾರೆ, ತಾವು ಊದಿದ ಮದುವೆಗಳಲ್ಲಿ ಒಂದೂ ಮುರಿದಿಲ್ಲ ಎಂದು ಜಂಬ ಕೊಚ್ಚುತ್ತಾರೆ. ನಮ್ಮ ಸಂಘದಲ್ಲಿ ಗೂಡಿನ ಕಡೆ ಮುಖ ಮಾಡಿ ಕೂರಬಹುದಾದವರು ಅವರೊಬ್ಬರೇ. ಟ್ಯಾಂಕಿನ ಎದುರು ಮಡಚುವ ಕುರ್ಚಿ ಹಾಕಿಕೊಂಡು, ಟೋಪಿ ಸರಿಮಾಡಿಕೊಂಡು, ನಾಟಕದ ಮುಂದಿನ ಸಾಲಿನಲ್ಲಿ ಕೂತ ಧಣಿಯ ಹಾಗೆ ಗೂಡನ್ನು ಕೇಳುತ್ತ ಕೂರುತ್ತಾರೆ. ನಾನು ಅವರ ಪಕ್ಕದಲ್ಲಿ ಆಕಡೆ ತಿರುಗಿ, ಕನ್ನಡಿ ಹಿಡಿದು ನಿಂತಿರುತ್ತೇನೆ.

ದಿನಾ ಅವರದು ಒಂದೇ ಪ್ರಶ್ನೆ, ಹೇಗಿದೆ ಹೇಳು. ನಾನು ಹೇಳುತ್ತೇನೆ. ತಾಯಿಯ ರೆಕ್ಕೆ ಕಂದು ಎಂದರೆ ಕಂದು ಅಂದರೆ ಏನು ಎನ್ನುತ್ತಾರೆ. ಬೆಲ್ಲ ತಳ ಹಿಡಿದಾಗ ಬರುವ ವಾಸನೆ ಇದೆಯಲ್ಲ, ಹಾಗೆ ಎನ್ನುತ್ತೇನೆ. ಮರಿ ಬೆಳ್ಳಗಿದೆ ಎಂದರೆ ಬಿಳಿ ಬೇಡ, ಬೇರೆ ಏನಾದರೂ ಹೇಳು ಎನ್ನುತ್ತಾರೆ. ಹತ್ತಿ ಹಿಂಜಿದ ಬಾಚಣಿಗೆಯಲ್ಲಿ ಉಳಿದ ಎಳೆ ಎನ್ನುತ್ತೇನೆ. ಇಷ್ಟು ವರ್ಷ ಹೇಳಿ ಹೇಳಿ ನನ್ನ ಹತ್ತಿರ ಇದ್ದ ಮಾತೆಲ್ಲ ಆ ಗೂಡಿಗೆ ಖರ್ಚಾಗಿದೆ. ಆದರೂ ಅವರ ಮುಖ ನೋಡಿದರೆ ಏನೋ ಒಂದು ಬಾಕಿ ಉಳಿದಿದೆ ಅನ್ನಿಸುತ್ತಿತ್ತು. ಅದೇನೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರಿಗೂ ಸಂಘಕ್ಕೂ ಹಳೇ ಜಗಳ. ಟ್ಯಾಂಕಿನ ಕಬ್ಬಿಣದ ಏಣಿ ನೆಟ್ಟಗೆ ಮೇಲೆ ಹೋಗುತ್ತದೆ. ಮೇಲೆ ಟ್ಯಾಂಕಿನ ಗೋಡೆಯ ಸುತ್ತ ಓಡಾಡಲು ಒಂದು ಕಿರಿದಾದ ಜಗುಲಿ, ಅದಕ್ಕೊಂದು ಕಂಬಿ. ಏಣಿಯ ಎಡಕ್ಕೆ ಗೂಡು. ಇದು ಸಂಘದಲ್ಲಿ ಎಲ್ಲರಿಗೂ ಬಾಯಿಪಾಠ. ಚೆಲುವರಾಜರು ಮಾತ್ರ ಮರಿ ಕೂಗುವುದು ತಮಗೆ ಬಲಗಡೆಯಿಂದ ಕೇಳುತ್ತದೆ ಎನ್ನುತ್ತಿದ್ದರು. ಕೆಲವು ವರ್ಷ ಪಟ್ಟು ಹಿಡಿದು ವಾದಿಸಿದರು. ಎದುರಿನ ಮಿಲ್ಲಿನ ಗೋಡೆಗೆ ದನಿ ಬಡಿದು ವಾಪಸು ಬರುತ್ತದೆ, ಅದಕ್ಕೆ ಹಾಗೆ ಎಂದು ಜೆರಾಲ್ಡ್ ಮಾಸ್ತರು ತೀರ್ಪು ಕೊಟ್ಟರು. ಅಷ್ಟು ಜನ ಕಣ್ಣಿದ್ದವರು ಒಂದೇ ಮಾತು ಹೇಳುವಾಗ ಒಬ್ಬರ ಕಿವಿಯ ಮಾತಿಗೆ ಯಾರು ಬೆಲೆ ಕೊಡುತ್ತಾರೆ. ನಾನೂ ಕೊಡಲಿಲ್ಲ. ಕೊನೆಗೆ ಅವರು, ನೀನು ಹೇಳಿದ ಮೇಲೆ ಎಡವೇ ಇರಬೇಕು ಎಂದು ಸುಮ್ಮನಾದರು.

ಈ ವರ್ಷ ಒಂದೇ ಮೊಟ್ಟೆ. ಅದು ಒಡೆದು ಮರಿಯಾದ ದಿನ ಮುಬಾರಕ್ ಎಲ್ಲರಿಗೂ ಬಿಟ್ಟಿ ಚಹಾ ಕೊಟ್ಟ. ಈ ಸಲ ಏನಾದರೂ ಆಗಲಿ, ಮರಿ ಹಾರಲೇಬೇಕು ಎಂದು ಸಂಘ ಹಟ ತೊಟ್ಟಿತ್ತು. ಹಿಂದಿನ ಮೂರು ವರ್ಷವೂ ಯಾರೋ ಒಬ್ಬರು ನೋಡಿ ಗೂಡು ಹೋಗಿತ್ತು, ಗಿಡುಗಗಳಿಗೂ ವಯಸ್ಸಾಗುತ್ತ ಬಂದಿತ್ತು. ಇದೂ ಹೋದರೆ ಮುಂದಿನ ವರ್ಷ ಕನ್ನಡಿ ಹಿಡಿದು ನೋಡಲು ನಮಗೆ ಏನೂ ಇರುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಟ್ಯಾಂಕಿನ ಕಾಲುಗಳ ಸುತ್ತ ನೈಲಾನ್ ದಾರ ಎಳೆದು, ಅದಕ್ಕೆ ಕೆಂಪು ಬಟ್ಟೆಯ ಚೂರುಗಳನ್ನು ಕಟ್ಟಿದೆವು. ಬಾವುಟ ಕಂಡವರು ತಲೆ ತಗ್ಗಿಸಬೇಕು ಎಂದು ನಾಲ್ಕೂ ದಾರಿಯಲ್ಲಿ ಬೋರ್ಡು ಹಾಕಿದೆವು. ಜನ ಒಳ್ಳೆಯವರು, ತಗ್ಗಿಸಿದರು. ಆದರೆ ಗಿಡುಗಕ್ಕೆ ಬಾವುಟ ಮೆಚ್ಚುಗೆಯಾಯಿತು. ಒಂದು ಮಧ್ಯಾಹ್ನ ತಾಯಿ ಹಕ್ಕಿ ಕೆಳಗಿಳಿದು, ದಾರ ಸಮೇತ ಒಂದಷ್ಟು ಬಾವುಟ ಕಿತ್ತುಕೊಂಡು ಹೋಗಿ ಗೂಡಿಗೆ ಹಾಸಿತು. ನಾವು ಕನ್ನಡಿಗಳಲ್ಲಿ ನೋಡುತ್ತ ಸಂಭ್ರಮಪಟ್ಟೆವು. ಜೆರಾಲ್ಡ್ ಮಾಸ್ತರು ಚಪ್ಪಾಳೆಯನ್ನೂ ತಟ್ಟಿದರು.

ಮರಿಗೆ ಗರಿ ಬಲಿಯಿತು. ಗೂಡಿನ ಅಂಚಿಗೆ ಬಂದು ರೆಕ್ಕೆ ಬಡಿದು ಅಭ್ಯಾಸ ಮಾಡತೊಡಗಿತು. ಇನ್ನೇನು ಹಾರುತ್ತದೆ ಎನ್ನುವಾಗ ಒಂದು ದಿನ ಅದು ಒಂದೇ ರೆಕ್ಕೆ ಬಡಿಯುತ್ತಿರುವುದು ನನ್ನ ಕನ್ನಡಿಗೆ ಬಿತ್ತು. ಇನ್ನೊಂದು ಮೈಗೆ ಅಂಟಿಕೊಂಡೇ ಇತ್ತು. ಕನ್ನಡಿ ಹತ್ತಿರ ಹಿಡಿದು ನೋಡಿದೆ. ನಮ್ಮದೇ ನೈಲಾನ್ ದಾರ ರೆಕ್ಕೆಗೂ ಕಾಲಿಗೂ ಸುತ್ತಿಕೊಂಡು ಗೂಡಿನ ಕಡ್ಡಿಗೆ ಬಿಗಿದಿತ್ತು. ಮರಿ ಜಿಗಿದಾಗಲೆಲ್ಲ ಕೆಂಪು ಬಾವುಟವೊಂದು ಮೇಲೆದ್ದು ಬೀಳುತ್ತಿತ್ತು. ಕಾಯಲೆಂದು ಕಟ್ಟಿದ್ದು ನಾವೇ, ಈಗ ಅದರಿಂದಲೇ ಮರಿ ಗೂಡಿನಲ್ಲಿ ಒಣಗಿ ಸಾಯುತ್ತದೆ. ಅವತ್ತು ಸಂಜೆ ಹೇಗಿದೆ ಹೇಳು ಎಂದು ಚೆಲುವರಾಜರು ಕೇಳಿದಾಗ ನನಗೆ ಅಳು ಬಂತು.

ಮಾರನೇ ದಿನ ಬೆಳಿಗ್ಗೆ ಸಂಘ ಟ್ಯಾಂಕಿನ ಕೆಳಗೆ ಸೇರಿತು. ಯಾರಾದರೂ ಮೇಲೆ ಹೋಗಿ ದಾರ ಕತ್ತರಿಸಬೇಕು, ಆದರೆ ನೋಡಬಾರದು. ಜೆರಾಲ್ಡ್ ಮಾಸ್ತರು ತಾವೇ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಏಣಿ ಹಿಡಿದರು. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಅವರ ಕಾಲು ನಡುಗಿ, ಏಣಿಯೂ ನಡುಗಿ, ಮುಬಾರಕ್ ಅವರ ಸೊಂಟ ಹಿಡಿದು ಇಳಿಸಿಕೊಂಡ. ಅವನೂ ಪ್ರಯತ್ನಿಸಿದ, ಕತ್ತಲೆಯಲ್ಲಿ ಕೈ ಎಲ್ಲಿದೆ ಎಂದೇ ತಿಳಿಯುವುದಿಲ್ಲ ಎಂದು ಇಳಿದು ಬಂದ. ಆಗ ಚೆಲುವರಾಜರು ಕುರ್ಚಿಯಿಂದ ಎದ್ದು ಟೋಪಿ ಸರಿಮಾಡಿಕೊಂಡರು.

“ಇವರೆಲ್ಲ ಇವತ್ತು ಕಟ್ಕೊಂಡವ್ರು. ನಾನು ಹುಟ್ಟಿದಾಗ್ಲೇ ಕಟ್ಕೊಂಡು ಬಂದಿದೀನಿ. ನಾನು ಹೋಗ್ತೀನಿ” ಎಂದರು.

ನಾನು ಬೇಡ ಎಂದೆ. ಗೂಡು ಕಟ್ಟಿದ ಮೇಲೆ ಜಗುಲಿಯ ಕಂಬಿ ಒಂದು ಕಡೆ ತುಕ್ಕು ತಿಂದು ಕಳಚಿ ನೇತುಬಿದ್ದಿತ್ತು, ಗೂಡಿನ ಕಾಲವಾದ್ದರಿಂದ ಯಾರೂ ಹತ್ತಿ ಸರಿಮಾಡಿರಲಿಲ್ಲ. ಎಡಕ್ಕೆ ಗೂಡು, ಬಲಕ್ಕೆ ಕಂಬಿಯಿಲ್ಲದ ಅಂಚು. ಅದನ್ನು ಹೇಳಿದೆ. ಹಾಗಾದರೆ ಎಡಕ್ಕೆ ಹೋಗುತ್ತೇನೆ, ಅದರಲ್ಲೇನಿದೆ ಎಂದರು. ಬಿದ್ದರೆ ಎಂದೆ. ಇಷ್ಟು ವರ್ಷ ನೀನು ಹೇಳಿದ್ದನ್ನು ನಂಬಿಕೊಂಡೇ ರಸ್ತೆ ದಾಟಿದ್ದೇನೆ, ಬಿದ್ದಿದ್ದೇನಾ ಎಂದರು. ಅವರು ಮರಿಗಾಗಿ ಹೋಗುತ್ತಿದ್ದಾರೋ, ಅದನ್ನೊಮ್ಮೆ ಮುಟ್ಟಬೇಕೆಂಬ ಆಸೆಗೆ ಹೋಗುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಎರಡೂ ಇರಬೇಕು. ಆ ಮುಖ ನೋಡಿ ತಡೆಯುವ ಶಕ್ತಿ ನನಗಿರಲಿಲ್ಲ. ಬ್ಲೇಡು ಬೇಡವೆಂದು ಉಗುರು ಕತ್ತರಿಯನ್ನು ಅವರ ಜೇಬಿಗೆ ಹಾಕಿ, ತಲೆಗೆ ಟವೆಲ್ ಸುತ್ತಿ ಅದರ ಮೇಲೆ ಟೋಪಿ ಒತ್ತಿ ಕಳಿಸಿದೆ.

ಯಾರದೋ ಮದುವೆಗೆಂದು ಮಾಡಿಟ್ಟಿದ್ದ ಬೀರುವಿನ ಆಳೆತ್ತರದ ಕನ್ನಡಿಯನ್ನು ಅಂಗಡಿಯಿಂದ ತರಿಸಿದೆ. ಇಬ್ಬರು ಅದನ್ನು ನನ್ನೆದುರು ಎತ್ತಿ ಹಿಡಿದರು. ಟ್ಯಾಂಕಿಗೆ ಬೆನ್ನು ಹಾಕಿ ನಿಂತೆ. ಊರಿಗೆ ಊರೇ ನನ್ನ ಹಾಗೆ ಬೆನ್ನು ಹಾಕಿ ನಿಂತಿತು. ಕನ್ನಡಿಯಲ್ಲಿ ನನ್ನ ಗಂಡ ಒಂದೊಂದೇ ಮೆಟ್ಟಿಲು ತಡವಿ ಹತ್ತುತ್ತ ಹೋದರು. ಅವರ ಕಾಲು ನಡುಗಲಿಲ್ಲ. ನಡುವೆ ಒಂದು ಕಡೆ ನಿಂತು, ಈ ಏಣಿಗೆ ಎಣ್ಣೆ ಕಂಡು ಎಷ್ಟು ಕಾಲವಾಯಿತು ಎಂದು ಪಂಚಾಯಿತಿಯವರನ್ನು ಬೈದರು. ಕೆಳಗೆ ಜನ ನಕ್ಕರು. ನನಗೂ ಧೈರ್ಯ ಬಂತು. ಅವರು ಮೇಲೆ ಮುಟ್ಟಿ, ಜಗುಲಿಯ ಮೇಲೆ ಎದ್ದು ನಿಂತು, ಎತ್ತ ಎಂದು ಕೂಗಿದರು.

“ಎಡಕ್ಕೆ” ಎಂದು ನಾನು ಕೂಗಿದೆ.

ಅವರು ಸ್ವಲ್ಪ ಹೊತ್ತು ಹೆಜ್ಜೆ ಎತ್ತಲಿಲ್ಲ, ತಲೆ ವಾರೆ ಮಾಡಿ ಏನನ್ನೋ ಕೇಳಿಸಿಕೊಂಡರು. ಆಮೇಲೆ ಹೊರಟರು. ಕನ್ನಡಿಯಲ್ಲಿ ಅವರು ಬಲಕ್ಕೆ ಹೋಗುವುದು ಕಂಡಿತು. ಗಾಳಿಗೆ ನನ್ನ ಮಾತು ಸರಿಯಾಗಿ ಕೇಳಿಲ್ಲ ಅಂದುಕೊಂಡು ಎಡಕ್ಕೆ ಕಣ್ರೀ ಎಂದು ಇನ್ನೂ ಜೋರಾಗಿ ಕೂಗಿದೆ. ಅವರು ಹೆಜ್ಜೆ ಜೋರು ಮಾಡಿದರು, ಅದೇ ಕಡೆಗೆ. ಮುಬಾರಕ್ ಎಡಕ್ಕೆ ಎಂದ, ಜೆರಾಲ್ಡ್ ಮಾಸ್ತರು ಎಡಕ್ಕೆ ಎಂದರು, ಊರೆಲ್ಲ ಒಂದೇ ದನಿಯಲ್ಲಿ ಎಡಕ್ಕೆ ಎಂದಿತು. ಒಂದೊಂದು ಕೂಗಿಗೂ ಅವರು ಕಂಬಿಯಿಲ್ಲದ ಅಂಚಿಗೆ ಒಂದೊಂದು ಹೆಜ್ಜೆ ಹತ್ತಿರವಾದರು.

“ಎಡಕ್ಕೇ ಬರ್ತಿದೀನಲ್ಲೇ. ಮರಿ ಕೂಗೋದು ಬಲಗಡೆ ಕೇಳ್ತಿದೆ. ಆದ್ರೂ ನೀನು ಹೇಳ್ತೀಯಲ್ಲ ಅಂತ ಬರ್ತಿದೀನಿ” ಎಂದು ಮೇಲಿನಿಂದ ಕೂಗಿದರು.

ಆಗ ನನಗೆ ಹೊಳೆಯಿತು. ಟ್ಯಾಂಕಿಗೆ ಬೆನ್ನು ಹಾಕಿ ನಿಂತವಳ ಎಡ, ಅದರ ಕಡೆ ಮುಖ ಮಾಡಿದವರಿಗೆ ಬಲ. ಇದು ಎಳೆ ಮಗುವಿಗೂ ಗೊತ್ತಾಗುವ ಮಾತು. ಆದರೆ ನಾವೆಲ್ಲ ಒಟ್ಟಿಗೆ ಬೆನ್ನು ಹಾಕಿ, ಒಟ್ಟಿಗೆ ಕನ್ನಡಿ ನೋಡಿ, ಒಟ್ಟಿಗೆ ಎಡ ಎಂದವರು. ನಮ್ಮ ನಮ್ಮಲ್ಲಿ ಅದು ಎಂದೂ ತಪ್ಪಾಗಿರಲಿಲ್ಲ, ಯಾಕೆಂದರೆ ನಮ್ಮಲ್ಲಿ ಯಾರೂ ಎಂದೂ ಗೂಡಿನ ಕಡೆ ಒಂದು ಹೆಜ್ಜೆ ಇಟ್ಟಿರಲಿಲ್ಲ. ಎದುರಾಗಿ ಕೂತಿದ್ದವರು ಒಬ್ಬರೇ, ಅವರನ್ನು ನಾವು ಗೋಡೆಯ ದನಿ ಎಂದು ಬಾಯಿ ಮುಚ್ಚಿಸಿದ್ದೆವು.

ನಿಲ್ಲಿ ಎಂದು ಕಿರುಚಿದೆ. ಅದೇ ಹೊತ್ತಿಗೆ ತಾಯಿ ಗಿಡುಗ ಚೀರುತ್ತ ಆಕಾಶದಿಂದ ಬಂದು ಅವರ ತಲೆಗೆ ಎರಗಿತು. ಟೋಪಿ ಹಾರಿ ಕೆಳಗೆ ಬಿತ್ತು. ಅವರು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಗಿರ್ರನೆ ತಿರುಗಿದರು. ಈಗ ಅವರ ಮುಖ ಎತ್ತ, ಬೆನ್ನು ಎತ್ತ, ಕನ್ನಡಿಯಲ್ಲಿ ಕಾಣುವುದು ಯಾವ ಕೈ, ಒಂದೂ ನನಗೆ ತಿಳಿಯಲಿಲ್ಲ. ಎಡ ಎನ್ನಲೂ ಭಯ, ಬಲ ಎನ್ನಲೂ ಭಯ. ಗಿಡುಗದ ಚೀರಾಟದಲ್ಲಿ ಅವರಿಗೆ ನನ್ನ ಮಾತು ಕೇಳಿಸಿತೋ ಇಲ್ಲವೋ. ಅವರ ಒಂದು ಕಾಲು ಹಿಂದಕ್ಕೆ ಜರುಗಿ ನೆಲ ಹುಡುಕುತ್ತಿತ್ತು.

ಜೆರಾಲ್ಡ್ ಮಾಸ್ತರು ನನ್ನ ಭುಜ ಕದಲಿದ್ದನ್ನು ತಮ್ಮ ಕನ್ನಡಿಯಲ್ಲಿ ಕಂಡಿರಬೇಕು. ತಿರುಗಬೇಡಿ ವಾರಿಜಮ್ಮ, ಇದೊಂದೇ ಉಳಿದಿರೋದು ಎಂದರು. ಅವರ ದನಿಯಲ್ಲಿ ಅಪ್ಪಣೆಯಿರಲಿಲ್ಲ, ಬೇಡಿಕೆಯಿತ್ತು. ನನಗೂ ಅದು ಗೊತ್ತಿತ್ತು. ಆ ಒಂದು ಗಳಿಗೆಯಲ್ಲಿ ಮರಿ, ಸಂಘ, ಇಗರ್ಜಿಯ ಗೋಪುರದಲ್ಲಿ ಅಪ್ಪ ನನಗೆ ತೋರಿಸಿದ ಮೊದಲ ಗೂಡು, ಎಲ್ಲವೂ ನೆನಪಾಯಿತು.

ನಾನು ತಿರುಗಿದೆ.

ಟ್ಯಾಂಕು ಬಿಸಿಲಿನಲ್ಲಿ ಬೋಳಾಗಿ ನಿಂತಿತ್ತು. ಗೂಡಿರಲಿಲ್ಲ. ಮರಿಯಿರಲಿಲ್ಲ, ಕೆಂಪು ಬಾವುಟವೂ ಇರಲಿಲ್ಲ. ಮೇಲೆ ಸುತ್ತುತ್ತಿದ್ದ ತಾಯಿ ಹಕ್ಕಿ ಮತ್ತು ಕಂಬಿಯಿಲ್ಲದ ಅಂಚಿನಿಂದ ಗೇಣು ದೂರದಲ್ಲಿ ನನ್ನ ಗಂಡ, ಅಷ್ಟೇ. ಹಿಂದೆ ಎಲ್ಲರ ಕನ್ನಡಿಗಳಿಂದಲೂ ಗೂಡು ಹೋದದ್ದು ಜನ ಉಸಿರು ಬಿಟ್ಟದ್ದರಿಂದಲೇ ತಿಳಿಯಿತು. ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು.

ಇದ್ದಲ್ಲೇ ಕೂತುಕೊಳ್ಳಿ ಎಂದೆ. ಈ ಸಲ ಕೇಳಿಸಿತು, ಕೂತರು. ಗೋಡೆ ಮುಟ್ಟಿ ಎಂದೆ. ಕೈಚಾಚಿ ಮುಟ್ಟಿದರು. ಗೋಡೆಯ ಕಡೆ ಮುಖ ಮಾಡಿ, ಅಂಬೆಗಾಲಿನಲ್ಲಿ ಬಲಕ್ಕೆ ಬನ್ನಿ, ಏಣಿ ಸಿಗುತ್ತದೆ, ಇಳಿದುಬಿಡಿ ಎಂದೆ. ಅವರು ಏಣಿಯ ತನಕ ಬಂದು ನಿಂತರು.

“ನೀನು ತಿರುಗಿದ್ಯಾ?” ಎಂದರು. “ದನಿ ನೇರವಾಗಿ ಬರ್ತಿದೆ.”

“ತಿರುಗಿದೆ. ಗೂಡು ಹೋಯ್ತು. ಇಳಿದು ಬನ್ನಿ.”

“ಹೋಗಿದ್ರೆ ಇದು ಯಾರು ಕೂಗ್ತಿರೋದು?”

ನಮಗೆ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಅವರು ಏಣಿ ದಾಟಿ ಬಲಕ್ಕೆ ಅಂಬೆಗಾಲಿಡುತ್ತ ಹೋದರು. ನಾನು ಕಣ್ಣು ಮುಚ್ಚಬಹುದಿತ್ತು, ಮುಚ್ಚಲಿಲ್ಲ. ಹೋದದ್ದು ಹೋಯಿತು, ಇವರಾದರೂ ಕಣ್ಣಮುಂದೆ ಇರಲಿ ಅಂದುಕೊಂಡೆ. ಅವರು ಬರಿಯ ಸಿಮೆಂಟಿನ ಮುಂದೆ ಮಂಡಿಯೂರಿದರು. ಖಾಲಿ ಜಾಗಕ್ಕೆ ಕೈ ಹಾಕಿದರು. ಕೈ ಹಿಂದೆಳೆದುಕೊಂಡರು. ಅವರ ಹೆಬ್ಬೆರಳಿನಿಂದ ರಕ್ತ ಸೋರಿ ಮಣಿಕಟ್ಟಿಗೆ ಇಳಿಯುವುದು ನನಗೆ ಕೆಳಗಿನಿಂದಲೇ ಕಂಡಿತು. ಕಚ್ಚುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಅವರು ನಕ್ಕರು. ಎರಡೂ ಕೈಯನ್ನು ಮತ್ತೆ ಚಾಚಿ, ಇಲ್ಲದ ಒಂದನ್ನು ಎತ್ತಿ ಎದೆಗೆ ಒತ್ತಿಕೊಂಡರು. ಕ್ಲಾರಿನೆಟ್ಟಿನ ರಂಧ್ರಗಳ ಮೇಲೆ ಓಡುತ್ತಿದ್ದ ಅವೇ ಬೆರಳುಗಳು ಗಾಳಿಯಲ್ಲಿ ಏನನ್ನೋ ಹುಡುಕಿ, ಹಿಡಿದು, ಬಿಡಿಸಿದವು. ಜೇಬಿನಿಂದ ಉಗುರು ಕತ್ತರಿ ಬಂತು. ಅದು ಏನನ್ನೂ ಕಚ್ಚದೆ ಮತ್ತೆ ಮತ್ತೆ ಮುಚ್ಚಿ ತೆರೆಯುವುದು ಕಂಡಿತು. ಇಷ್ಟು ಕಾಲ ನೋಡಿ ಕಳೆದುಕೊಂಡ ಗೂಡುಗಳೆಲ್ಲ ನಿಜವಾಗಿ ಎಲ್ಲಿಗೆ ಹೋದವು ಎಂದು ಯಾರೂ ಹತ್ತಿ ಕೈಯಿಂದ ತಡವಿ ನೋಡಿರಲಿಲ್ಲ ಎನ್ನುವುದು ನನಗೆ ಆಗ ನೆನಪಿಗೆ ಬಂತು.

ಅವರು ತುಂಬಾ ಹೊತ್ತು ಹಾಗೇ ಕೂತಿದ್ದರು. ಕೆಲಸ ಮುಗಿದಿತ್ತು ಅನ್ನಿಸುತ್ತದೆ, ಬಿಡಲು ಮನಸ್ಸು ಬಂದಿರಲಿಲ್ಲ. ಕೊನೆಗೆ ಎದ್ದು ನಿಂತರು. ಇನ್ನೊಂದು ಹೆಜ್ಜೆ ಬೇಡ, ಮುಂದೆ ಕಂಬಿಯಿದೆ ಎಂದೆ. ಗೊತ್ತು ಎಂದರು. ಕಂಬಿಯ ಆಚೆಗೆ ಎರಡೂ ಕೈ ಚಾಚಿದರು, ಬೊಗಸೆ ಖಾಲಿಯಿತ್ತು. ಬೊಗಸೆ ಬಿಚ್ಚಿದರು.

ಅವರ ಬೆರಳಿನ ತುದಿಯಿಂದ ಒಂದು ಗಿಡುಗ ಹುಟ್ಟಿತು. ಹಾಗೆಯೇ ಹೇಳಬೇಕು, ಬೇರೆ ಹೇಳಲು ನನಗೆ ಬರುವುದಿಲ್ಲ. ಏನೂ ಇಲ್ಲದ ಕಡೆಯಿಂದ ಮೊದಲು ಕೊಕ್ಕು, ಆಮೇಲೆ ಎರಡು ರೆಕ್ಕೆ, ಕೊನೆಗೆ ಅವರ ಕೈ ಬಿಟ್ಟ ಎರಡು ಕಾಲು. ಒಂದು ಕಾಲಿಗೆ ಕೆಂಪು ಬಟ್ಟೆಯ ಎಳೆಯೊಂದು ಉಳಿದಿತ್ತು. ಅದು ಕಲ್ಲಿನ ಹಾಗೆ ಕೆಳಗೆ ಬಿದ್ದು, ನಮ್ಮ ತಲೆಗಳ ಮಟ್ಟಕ್ಕೆ ಬಂದು, ಗಾಳಿ ಹಿಡಿದು ಮಿಲ್ಲಿನ ಚಿಮಣಿಯ ಮೇಲಕ್ಕೆ ಎದ್ದಿತು. ತಾಯಿ ಹಿಂದೆಯೇ ಹೋಯಿತು. ನನ್ನ ಹಿಂದೆ ಒಂದೊಂದೇ ಕನ್ನಡಿ ಕೆಳಗಿಳಿಯಿತು. ಜೆರಾಲ್ಡ್ ಮಾಸ್ತರು ಸೀಟಿ ಊದಲು ಹೋಗಿ ಆಗದೆ, ಹಿಂದೆ ತಿರುಗ್ ಎಂದು ಬಾಯಲ್ಲೇ ಹೇಳಿದರು. ಊರೆಲ್ಲ ತಿರುಗಿ ಮೇಲೆ ನೋಡಿತು.

ಚೆಲುವರಾಜರು ಇಳಿದು ಬಂದಾಗ ಅವರ ಅಂಗಿಯ ತುಂಬ ಸಣ್ಣ ಸಣ್ಣ ಗರಿಯಿತ್ತು. ಜನ ಅವರನ್ನು ಮುತ್ತಿಕೊಂಡರು. ಮುಬಾರಕ್ ಟೋಪಿ ತಂದುಕೊಟ್ಟ, ಅವರು ಹಾಕಿಕೊಳ್ಳಲು ಮರೆತರು. ನಾನು ನನ್ನ ಸೆರಗಿನ ಅಂಚು ಹರಿದು ಅವರ ಹೆಬ್ಬೆರಳಿಗೆ ಕಟ್ಟಿದೆ. ಎಡ ಬಲದ ವಿಷಯಕ್ಕೆ ಅವರು ಇನ್ನು ಒಂದು ವರ್ಷ ನನ್ನನ್ನು ಬಿಡುವುದಿಲ್ಲ ಎಂದು ಗೊತ್ತಿತ್ತು. ಬಿಡದೇ ಇರಲಿ, ಎಷ್ಟು ಬೇಕಾದರೂ ಆಡಿಕೊಳ್ಳಲಿ, ಅವರು ಇದ್ದಾರಲ್ಲ ಅಂದುಕೊಂಡೆ. ಅವರು ಏನೂ ಆಡಿಕೊಳ್ಳಲಿಲ್ಲ. ತಮ್ಮ ಅಂಗೈಗಳನ್ನು ಒಂದಕ್ಕೊಂದು ಸೇರಿಸಿಕೊಂಡು ನಿಂತಿದ್ದರು. ಇಷ್ಟು ವರ್ಷ ಅವರು ದಿನಾ ಕೇಳುತ್ತಿದ್ದ ಪ್ರಶ್ನೆಯನ್ನು ಅವತ್ತು ನಾನು ಕೇಳಿದೆ.

“ಹೇಗಿತ್ತು, ಹೇಳಿ.”

“ಬಿಸಿ ಇತ್ತು ಕಣೇ” ಎಂದರು. “ನೀನು ಅಷ್ಟೆಲ್ಲ ಹೇಳಿದ್ಯಲ್ಲ, ಅದೊಂದು ಹೇಳೇ ಇರ್ಲಿಲ್ಲ.”